ಆಟಿ ತಿಂಗಳ ಟೆಂಟು

ಜುಲೈ ಇಪ್ಪತ್ತೆರಡು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಮಂಜೇಶ್ವರ ನಿಲ್ದಾಣದಲ್ಲಿ ನಾನೂ ನನ್ನ ಗಂಡನೂ ದಕ್ಷಿಣಕ್ಕೆ ಹೋಗುವ ರೈಲಿಗೆ ಕಾಯುತ್ತಿದ್ದೆವು. ಗಂಡನ ಬೆನ್ನಿನಲ್ಲಿ ಅವರ ತಲೆಗಿಂತ ಎತ್ತರದ ಕಿತ್ತಳೆ ಬಣ್ಣದ ಚೀಲ. ಮಳೆ ಅಡ್ಡಕ್ಕೆ ಹೊಡೆಯುತ್ತಿತ್ತು. ಕೊಡೆ ಹಿಡಿದು ನಿಂತ ಜನರೆಲ್ಲ ಆ ಚೀಲವನ್ನು ನೋಡಿ, ಆಮೇಲೆ ನನ್ನ ಕರಿಮಣಿಯನ್ನು ನೋಡಿ, ಪಾಪ ಎನ್ನುವಂತೆ ಮುಖ ತಿರುಗಿಸುತ್ತಿದ್ದರು.

ಕಾರಣ ಹೇಳಬೇಕು. ನಮ್ಮ ತುಳುವರ ಮನೆಗಳಲ್ಲಿ ಮದುವೆಯಾದ ಮೊದಲ ವರ್ಷ ಆಟಿ ತಿಂಗಳು ಬಂದರೆ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೆಂಡತಿ ತವರಿಗೆ ಹೋಗಬೇಕು. ಗಂಡ ಹೆಂಡತಿ ಒಂದೇ ಮಾಡಿನ, ಎಂದರೆ ಒಂದೇ ಸೂರಿನ, ಅಡಿಯಲ್ಲಿ ಮಲಗಬಾರದು. ನನ್ನ ಗಂಡ ಗಲ್ಫಿನ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ಮದುವೆಗೆಂದು ಬಂದವರು ಹನ್ನೊಂದು ದಿನ ಇದ್ದು ವಾಪಸು ಹೋಗಿದ್ದರು. ಈಗ ಸಿಕ್ಕಿದ್ದು ಮೂರು ವಾರದ ರಜೆ, ಅದೂ ಪೂರ್ತಿ ಆಟಿಯ ಒಳಗೆ. ರಜೆ ಕೊಡುವ ಕಂಪೆನಿಗೆ ಆಟಿ ಗೊತ್ತಿಲ್ಲ. ನಾನು ಮುಳ್ಳೇರಿಯದ ತವರಿನಲ್ಲಿ, ಅವರು ಮಂಜೇಶ್ವರದಲ್ಲಿ ಕೂತರೆ ಮತ್ತೆ ಒಂದು ವರ್ಷ ಫೋನಿನ ಸಂಸಾರವೇ.

ಉಪಾಯ ಹೊಳೆದದ್ದು ಗಂಡನಿಗೆ. ಗಲ್ಫಿನ ಕೋಣೆಯಲ್ಲಿ ಮಲಗಿಕೊಂಡು ಅವರು ಜೋಡಿಗಳು ಬ್ಯಾಕ್‌ಪ್ಯಾಕ್ ಹೊತ್ತು ದ್ವೀಪದಿಂದ ದ್ವೀಪಕ್ಕೆ ನಡೆಯುವ ವೀಡಿಯೋಗಳನ್ನು ನೋಡಿದ್ದರು. ಟೆಂಟಿನಲ್ಲಿ ಮಲಗಿದರೆ ಮಾಡು ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ಅತ್ತೆಯ ಮುಂದೆ ಇಟ್ಟರು.

"ಟೆಂಟು ಅಂದ್ರೆ ಬಟ್ಟೆ ಅಮ್ಮ. ಅದಕ್ಕೆ ಮಾಡು ಅಂತ ಉಂಟಾ?"

ಅತ್ತೆ ತಮ್ಮ ಸೆರಗಿನ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಬಟ್ಟೆ ಆದ್ರೆ ಅಡ್ಡಿ ಇಲ್ಲ. ಆದ್ರೆ ಹಂಚಿಂದೋ ಸ್ಲ್ಯಾಬಿಂದೋ ಅಡಿಗೆ ಇಬ್ರೂ ಹೋದ್ರೆ ನನ್ನಾಣೆ ಉಂಟು, ನೋಡು."

"ರೈಲಿಗೂ ಮಾಡು ಉಂಟಲ್ಲ ಅತ್ತೆ?" ಎಂದೆ.

"ಅದು ಓಡ್ತದೆ," ಎಂದರು ಅತ್ತೆ. ಶಾಸ್ತ್ರ ಅಲ್ಲಿಗೆ ಮುಗಿಯಿತು.

ವೀಡಿಯೋದ ದ್ವೀಪಗಳು ನಮ್ಮ ಕೈಗೆ ಎಟುಕುವಂಥವಲ್ಲ. ಆದ್ದರಿಂದ ನಮ್ಮದೇ ಜಿಲ್ಲೆಯ ದಕ್ಷಿಣದ ಕೊನೆಯಲ್ಲಿ, ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಇರುವ ದ್ವೀಪಗಳು ಸಾಕು ಎಂದಾಯಿತು. ಗಂಡ ಇದಕ್ಕೆ 'ಟ್ರಾಪಿಕಲ್ ಐಲ್ಯಾಂಡ್' ಪ್ರವಾಸ ಎಂದು ಹೆಸರಿಟ್ಟರು. ತೆಂಗು, ಉಪ್ಪುಗಾಳಿ, ಸೊಳ್ಳೆ. ಹುಟ್ಟಿದಂದಿನಿಂದ ನಾವು ಟ್ರಾಪಿಕಲ್ ಆಗಿಯೇ ಇದ್ದೇವೆ. ನಮ್ಮನ್ನು ನೋಡಲು ಚೀಲ ಹೊತ್ತು ಒಬ್ಬರೂ ಬಂದದ್ದಿಲ್ಲ.

ಬದಿಯಡ್ಕದ ಒಂದು ಔಷಧಿ ಅಂಗಡಿಯಲ್ಲಿ ಸ್ಟಾಕ್ ಬರೆಯುವ ಕೆಲಸ ನನ್ನದು. ಹಾಗಾಗಿ ಚೀಲದೊಳಗಿನ ಸಾಮಾನನ್ನೂ ಬರೆದಿಟ್ಟೆ: ಕೆಸರು ನೀರನ್ನು ಕುಡಿಯುವ ನೀರು ಮಾಡುವ ಒಂದು ಕೊಳವೆ, ಗಾಳಿ ಊದುವ ದಿಂಬು ಎರಡು, ದಿಕ್ಸೂಚಿ ಒಂದು. ಮಳೆಗಾಲದಲ್ಲಿ ಕೊಡೆ ಸೊನ್ನೆ. ವೀಡಿಯೋದಲ್ಲಿ ಯಾರೂ ಕೊಡೆ ಹಿಡಿದಿರಲಿಲ್ಲವಂತೆ.

ಐದು ದ್ವೀಪ ನೋಡುವುದೆಂದು ಯೋಜನೆ. ಮೊದಲನೆಯದಕ್ಕೆ ಸೇತುವೆ ಇತ್ತು, ಆಟೋದಲ್ಲಿ ಹೋಗಿ ಇಳಿದೆವು. ಆಟೋದಲ್ಲಿ ತಲುಪುವ ದ್ವೀಪದ ಮೇಲೆ ಗಂಡನಿಗೆ ಗೌರವ ಹುಟ್ಟಲಿಲ್ಲ. ಎರಡನೆಯದಕ್ಕೆ ದೋಣಿ. ದೋಣಿಯವನು ಚೀಲಕ್ಕೂ ಒಂದು ಟಿಕೇಟು ಕೇಳಿದ, ನನಗೆ ಅವನ ಮೇಲೆ ಗೌರವ ಹುಟ್ಟಿತು.

ಅಲ್ಲಿ ಹಿನ್ನೀರಿನ ಬದಿಯ ಒಂದು ಹಿತ್ತಲಲ್ಲಿ ಟೆಂಟು ಹಾಕಲು ಆ ಮನೆಯ ಹೆಂಗಸು ಒಪ್ಪಿದರು. ಅರುವತ್ತು ದಾಟಿದವರು, ಮಾತು ಮಲಯಾಳ. ನನಗೆ ಆ ಭಾಷೆ ಬರುತ್ತದೆ. ಗಂಡ ಜಾಗ ಆರಿಸಿದರು. ಎಲ್ಲಿ? ಎರಡು ತೆಂಗಿನ ಮರಗಳ ಬುಡದಲ್ಲಿ. ತೆಂಗಿನ ತೋಟದಲ್ಲಿ ಹುಟ್ಟಿ, ತೆಂಗಿನ ಎಣ್ಣೆ ಹಚ್ಚಿಕೊಂಡು ಬೆಳೆದ ಮನುಷ್ಯ.

"ಮೇಲೆ ಒಣಗಿದ ಮಡಲು ಉಂಟು," ಎಂದೆ.

"ಬೀಳುವುದಾದ್ರೆ ಇಷ್ಟು ಹೊತ್ತಿಗೆ ಬೀಳ್ತಿತ್ತು ಮಾರಾಯ್ತಿ."

ನಾಲ್ಕು ಗಂಟೆಯ ಗಾಳಿಗೆ ಆಳುದ್ದದ ಆ ಗರಿ ಬಿತ್ತು. ನಾವು ಒಳಗೆ ಇರಲಿಲ್ಲ, ಅಷ್ಟೇ ಪುಣ್ಯ. ಟೆಂಟು ನಡುವಿನಿಂದ ಹರಿದು, ದಿಂಬುಗಳಲ್ಲಿ ಒಂದು ಹಿನ್ನೀರಿನ ಮೇಲೆ ತೇಲುತ್ತ ಹೋಯಿತು. ಐದು ದ್ವೀಪ ನೋಡಿದ್ದು ಅದೊಂದೇ ಇರಬೇಕು.

ಮನೆಯ ಹೆಂಗಸು ಕೊಡೆ ಹಿಡಿದು ಓಡಿ ಬಂದು, "ಬಾ ಮೋಳೇ, ಇಬ್ಬರೂ ಒಳಗೆ ಬನ್ನಿ," ಎಂದರು. ನಾನು ಹೋದೆ. ಗಂಡ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ಹಂಚಿನಿಂದ ಇಳಿಯುವ ನೀರು ಸರಿಯಾಗಿ ಅವರ ನೆತ್ತಿಗೆ ಬೀಳುತ್ತಿತ್ತು.

"ಅಮ್ಮನ ಆಣೆ ಉಂಟಲ್ಲ. ನೀನು ಒಳಗೆ ಮಲಗು. ನಾನು ಅಲ್ಲಿ ದೋಣಿಯ ಕೊಟ್ಟಿಗೆಯಲ್ಲಿ ಇರ್ತೇನೆ. ಅದು ಬೇರೆ ಮಾಡು."

ಹೆಂಗಸಿಗೆ ನಾನು ಆಟಿಯ ಕತೆಯನ್ನೆಲ್ಲ ಹೇಳಿದೆ. ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ನಿಮ್ಮ ಆಟಿ ನಮಗೆ ಕರ್ಕಾಟಕ ತಿಂಗಳು. ಆಗ ನಾವೂ ಮದುವೆ ಇಡುವುದಿಲ್ಲ. ಆದರೆ ಮದುವೆ ಆದವರನ್ನು ಮಳೆಗೆ ಹಾಕುವುದೂ ಇಲ್ಲ."

ಹೀಗೆ ಎರಡು ದಿನ. ಜೋಡಿ ಪ್ರವಾಸ ಎಂದರೆ ನಾನು ಕಿಟಕಿಯ ಒಳಗೆ, ಅವರು ಕೊಟ್ಟಿಗೆಯ ಬಾಗಿಲಲ್ಲಿ, ನಡುವೆ ಅಂಗಳದ ಕೆಸರು. ಊಟದ ತಟ್ಟೆಯನ್ನು ಕೊಡೆಯಡಿಯಲ್ಲಿ ದಾಟಿಸುತ್ತಿದ್ದೆ. ಇದಕ್ಕಿಂತ ಮುಳ್ಳೇರಿಯದಲ್ಲೇ ಇದ್ದಿದ್ದರೆ ಅಮ್ಮ ಪತ್ರೊಡೆಯಾದರೂ ಮಾಡಿ ಹಾಕುತ್ತಿದ್ದಳು. ಮೂರನೆಯ ಬೆಳಿಗ್ಗೆ ತಟ್ಟೆ ಕೊಡುವಾಗ ಹೇಳಿದೆ: "ಇವತ್ತು ಹತ್ತೂವರೆಯ ದೋಣಿಗೆ ನಾನು ಹೋಗ್ತೇನೆ, ತವರಿಗೆ. ನಿಮ್ಮ ಅಮ್ಮನ ಶಾಸ್ತ್ರ ಪೂರ್ತಿ ಆಗ್ಲಿ. ವಿಮಾನ ಹತ್ತುವ ದಿನ ಬೀಳ್ಕೊಡಲಿಕ್ಕೆ ನನ್ನನ್ನು ಕರೀಬೇಡಿ."

ಅವರು ತಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದರು. ಆಗಲೇ ಅತ್ತೆಯ ಫೋನು ಬಂತು. ಸ್ಪೀಕರಿನಲ್ಲಿ ಅತ್ತೆಯ ಧ್ವನಿ: "ಎಂತ ಮಗಾ, ಟೆಂಟಲ್ಲೇ ಅಲ್ವಾ?"

ಗಂಡ ನನ್ನ ಮುಖ ನೋಡಿದರು. "ಹೌದಮ್ಮ. ಟೆಂಟಲ್ಲೇ. ಭಾರೀ ಲಾಯ್ಕ ಉಂಟು."

ಫೋನು ಇಟ್ಟ ಮೇಲೆ ನಾನು ಹೇಳಿದೆ: "ಸುಳ್ಳು ಹೇಳಿ ಆಯ್ತಲ್ಲ ಮಾರಾಯ್ರೆ. ಅದನ್ನು ವೇಸ್ಟ್ ಮಾಡ್ಬೇಡಿ."

ಅವರು ಚೀಲ ಎತ್ತಿಕೊಂಡು ಅಂಗಳ ದಾಟಿದರು. ಹತ್ತೂವರೆಯ ದೋಣಿ ನಮ್ಮನ್ನು ಬಿಟ್ಟು ಹೋಯಿತು. ರಜೆಯ ಉಳಿದ ದಿನಗಳನ್ನು ನಾವು ಆ ಹಂಚಿನ ಅಡಿಯಲ್ಲೇ ಕಳೆದೆವು. ಇವರು ನಿದ್ದೆಯಲ್ಲಿ ಲೆಕ್ಕ ಒಪ್ಪಿಸುತ್ತಾರೆ, ಮೀನಿನ ತಲೆ ತಿನ್ನುವುದಿಲ್ಲ, ಸಿಟ್ಟು ಬಂದರೆ ಬಟ್ಟೆ ಮಡಚುತ್ತಾರೆ ಎಂಬುದೆಲ್ಲ ನನಗೆ ಗೊತ್ತಾದದ್ದು ಅಲ್ಲಿ. ವಿಮಾನದ ದಿನ ನಾನೂ ಹೋದೆ.

ಅತ್ತೆ ಈಗಲೂ ನೆರೆಕರೆಯಲ್ಲಿ, ನಮ್ಮ ಮಕ್ಕಳು ಆಟಿಯ ಕ್ರಮ ತಪ್ಪಿಸಲಿಲ್ಲ, ಬಟ್ಟೆಯಡಿಯಲ್ಲೇ ಇದ್ದರು ಎಂದು ಹೇಳುತ್ತಾರೆ. ಅದನ್ನು ಕೇಳಿ ಇಬ್ಬರು ಮದುಮಕ್ಕಳ ಮನೆಯವರು ಟೆಂಟು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದಾರೆ. ನಾನು ವಿಳಾಸ ಕೊಟ್ಟಿದ್ದೇನೆ. ಮಡಲಿನ ವಿಷಯ ಹೇಳಿದ್ದೇನೆ.

ಆಟಿಯಲ್ಲಿ ಒಟ್ಟಿಗೆ ಇದ್ದರೆ ಏನಾಗುತ್ತದೆ ಎಂದು ಅಂಗಡಿಗೆ ಬರುವ ಹೆಂಗಸರನ್ನು ಅಂದಿನಿಂದ ಕೇಳುತ್ತಾ ಬಂದಿದ್ದೇನೆ. ಈವರೆಗೆ ಮೂವತ್ತೊಂದು ಮಂದಿ. ಕೆಡುಕಾಗುತ್ತದೆ ಎಂದು ಎಲ್ಲರೂ ಹೇಳಿದರು. ಯಾರಿಗಾಯಿತು ಎಂದರೆ ಬದಿಯಡ್ಕದವರು ಮುಳ್ಳೇರಿಯದ ಕಡೆ ಕೈ ತೋರಿಸುತ್ತಾರೆ, ಮುಳ್ಳೇರಿಯದವರು ಮಂಜೇಶ್ವರದ ಕಡೆ. ಕೆಡುಕಾದ ಆ ಮನೆ ಯಾವುದೆಂದು ತಿಳಿದವರು, ಅಥವಾ ನಮ್ಮ ಹಾಗೆ ಬಾಯಿ ಮುಚ್ಚಿಕೊಂಡು ಒಟ್ಟಿಗೆ ಇದ್ದವರು, ದಯವಿಟ್ಟು ನನಗೆ ಬರೆಯಿರಿ. 'ಹಿರಿಯರು ಹೇಳಿದ್ದಾರೆ' ಎಂಬ ಉತ್ತರ ಮೂವತ್ತೊಂದು ಸಲ ಬಂದಿದೆ, ಅದು ಬೇಡ.