ಗಂಗರತ್ನಮ್ಮ ಟೀ ಬಿಟ್ಟದ್ದು

ಹೊಟ್ಟೆಕಿಚ್ಚು ಓದು ಬಾರದವರಿಗೆ ಮಾತ್ರ ಬರುವ ಕಾಯಿಲೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ಒಂದೇ ಬಸ್ಸು ಹತ್ತಿ, ಒಂದೇ ಕಾಲೇಜಿಗೆ ಹೋಗಿ, ಒಂದೇ ಬೆಂಚಿನಲ್ಲಿ ಕೂತರೆ ಏನಾದೀತು ಅನ್ನುವುದನ್ನು ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯ ಗಂಗರತ್ನಮ್ಮನನ್ನು ಕೇಳಬೇಕು.

ಗಂಗರತ್ನಮ್ಮ ಹಿರಿಸೊಸೆ. ಪಿಯುಸಿ ಪಾಸಾದ ಬೇಸಿಗೆಯಲ್ಲೇ ಮದುವೆ ಮಾಡಿ ಕಳಿಸಿದ್ದರು. ಮಗಳು ಹೈಸ್ಕೂಲಿಗೆ ಬಂದ ಮೇಲೆ, ಬಿಟ್ಟ ಓದು ಮುಗಿಸಬೇಕು ಅಂತ ಹಠ ಹಿಡಿದು ರಾಬರ್ಟ್‌ಸನ್‌ಪೇಟೆಯ ಕಾಲೇಜಿಗೆ ಬಿ.ಎ. ಸೇರಿದಳು. ಬೆಳಗ್ಗೆ ಎದ್ದು ಹಾಲು ಕರೆದು ಡೈರಿಗೆ ಹಾಕಿ, ಮುದ್ದೆ ತೊಳಸಿಟ್ಟು, ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿಗೆ ಓಡುತ್ತಿದ್ದಳು. ಕ್ಲಾಸಿನ ಹುಡುಗಿಯರು ಆಂಟಿ ಅನ್ನುತ್ತಿದ್ದರು. ಅನ್ನಲಿ ಬಿಡಿ, ಅದೇನೂ ಅವಳನ್ನು ಚುಚ್ಚುತ್ತಿರಲಿಲ್ಲ.

ಚುಚ್ಚುತ್ತಿದ್ದವಳು ಪಕ್ಕದಲ್ಲೇ ಕೂರುತ್ತಿದ್ದ ಶಶಿರೇಖ. ಮೈದುನನ ಹೆಂಡತಿ, ವಯಸ್ಸಿನಲ್ಲಿ ಎಷ್ಟೋ ಚಿಕ್ಕವಳು. ಗಂಗರತ್ನಮ್ಮ ಒಂದು ಪುಟವನ್ನು ತುಟಿ ಅಲ್ಲಾಡಿಸಿಕೊಂಡು ಓದುವಷ್ಟರಲ್ಲಿ ಶಶಿರೇಖ ಪಾಠವನ್ನೇ ಮುಗಿಸಿ ಆಕಳಿಸುತ್ತಿದ್ದಳು. ಮೇಷ್ಟ್ರು ಹೊಗಳುತ್ತಿದ್ದದ್ದು ಅವಳನ್ನು. ಅತ್ತೆ ಅಂಜನಮ್ಮ ನೆಂಟರ ಮುಂದೆ ತೋರಿಸುತ್ತಿದ್ದದ್ದು ಅವಳ ಮಾರ್ಕ್ಸ್ ಕಾರ್ಡು. ಹೋಗಲಿ ಅಂದರೆ, ಗಂಗರತ್ನಮ್ಮನನ್ನು ಕಂಡರೆ ಕಾಲು ಝಾಡಿಸುವ ಸೀಮೆಹಸು ಕೂಡ ಶಶಿರೇಖ ಕೂತರೆ ಸುಮ್ಮನೆ ನಿಂತು ಹಾಲು ಕೊಡುತ್ತಿತ್ತು. ಹಸುವಿಗೂ ಪಕ್ಷಪಾತ! ಗಂಗರತ್ನಮ್ಮನ ಹೊಟ್ಟೆ ಉರಿಯದೆ ಇನ್ನೇನಾದೀತು?

ಕೊನೇ ವರ್ಷ ಚರಿತ್ರೆ ಮೇಷ್ಟ್ರು ಆದಿನಾರಾಯಣ ಒಂದು ಸುದ್ದಿ ತಂದರು. ಪ್ರತಿಯೊಬ್ಬರೂ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಮೊದಲು ಅದರ ಯೋಜನೆ ತಂದು ಕ್ಲಾಸಿನಲ್ಲಿ ಓದಬೇಕು. ಅದರಲ್ಲಿ ಒಂದನ್ನು ಆರಿಸಿ, ಬರೆದವರನ್ನು ಕೋಲಾರದ ವಿದ್ಯಾರ್ಥಿ ಸಮ್ಮೇಳನಕ್ಕೆ ಕಳಿಸುತ್ತಾರೆ. ಆ ಒಬ್ಬಳು ತಾನೇ ಆಗಬೇಕು ಅಂತ ಗಂಗರತ್ನಮ್ಮ ಅಲ್ಲೇ ತೀರ್ಮಾನಿಸಿದಳು. ಮೈಕಿನ ಮುಂದೆ ತಾನು ನಿಂತಿರಬೇಕು, ಶಶಿರೇಖ ಕೆಳಗೆ ಕೂತು ಚಪ್ಪಾಳೆ ತಟ್ಟಬೇಕು. ಜನ್ಮದಲ್ಲಿ ಒಂದು ಸಲ ಸಾಕು.

ವಿಷಯವೂ ಸೊಗಸಾದದ್ದೇ ಸಿಕ್ಕಿತು. ಇನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಜನ ಟೀಗೆ ಹಾಕುತ್ತಿದ್ದ ಸಕ್ಕರೆ, ಸಮುದ್ರದಾಚೆಯ ತೋಟಗಳಲ್ಲಿ ಆಫ್ರಿಕದ ಗುಲಾಮರ ಬೆವರು ರಕ್ತದಿಂದ ಬರುತ್ತಿತ್ತಂತೆ. ಗುಲಾಮರ ವ್ಯಾಪಾರ ನಿಲ್ಲಿಸಿ ಅಂದರೆ ಪಾರ್ಲಿಮೆಂಟು ಒಪ್ಪಲಿಲ್ಲ. ಆಗ ಸಾವಿರಾರು ಮನೆಗಳಲ್ಲಿ, ಅದರಲ್ಲೂ ಹೆಂಗಸರು, ಆ ಸಕ್ಕರೆಯೇ ಬೇಡ ಅಂತ ಬಿಟ್ಟರಂತೆ. ವೋಟಿಲ್ಲದ ಹೆಂಗಸರು ಒಲೆ ಮುಂದೆ ನಿಂತೇ ದೊಡ್ಡವರ ನಿದ್ದೆ ಕೆಡಿಸಿದ ಸಂಗತಿ ಗಂಗರತ್ನಮ್ಮನಿಗೆ ಬಹಳ ಹಿಡಿಸಿತು. ಹಿಡಿಸಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಅವತ್ತೇ ಶಶಿರೇಖಳ ಮುಂದೆ ಹೇಳಿಬಿಟ್ಟಳು.

“ಅಕ್ಕಾ, ಬೋ ಚೆನ್ನಾಗದೆ ಕಣಕ್ಕಾ. ನಾನೂ ಇದ್ನೇ ಬರೀಲಾ?” ಅಂದಳು ಶಶಿರೇಖ.

ಬೇಡ ಅನ್ನಬೇಕಿತ್ತು. ಆದರೆ ಹಿರಿಯಳಲ್ಲವೇ, ದೊಡ್ಡತನ ಅಡ್ಡ ಬಂತು. “ಬರ್ಕೋ, ನಂದೇನು ಗಂಟೋಯ್ತದೆ” ಅಂದಳು.

ಗಂಟೂ ಹೋಯಿತು, ನಿದ್ದೆಯೂ ಹೋಯಿತು. ವಾರದೊಳಗೆ ಶಶಿರೇಖ ಫೋನಿನಲ್ಲಿ ಅದೆಲ್ಲೆಲ್ಲಿಂದಲೋ ಪುಸ್ತಕ ಇಳಿಸಿಕೊಂಡಳು. ಮೇಷ್ಟ್ರು “ಭೇಷ್, ಒಳ್ಳೆಯ ಆಕರಗಳು” ಅಂದರು. ಗಂಗರತ್ನಮ್ಮನ ಯೋಜನೆ ನೋಡಿ, “ಇದರಲ್ಲಿ ಕತೆ ಇದೆಯಮ್ಮ, ಪ್ರಶ್ನೆ ಇಲ್ಲ. ಸಂಶೋಧನೆ ಅಂದರೆ ನೀವು ಏನನ್ನು ಹುಡುಕುತ್ತಿದ್ದೀರಿ ಅಂತ ಮೊದಲು ಗೊತ್ತಿರಬೇಕು” ಅಂದರು.

ಬಸ್ಸಿನಲ್ಲಿ ಮನೆಗೆ ಬರುವಾಗ ಗಂಗರತ್ನಮ್ಮ ಮೈಯೆಲ್ಲ ಉರಿಯುತ್ತಾ ಕೂತಿದ್ದಳು. ಕದ್ದಳು, ನನ್ನ ವಿಷಯ ಕದ್ದಳು! ಕೊಟ್ಟವಳು ತಾನೇ ಅನ್ನುವುದು ಉರಿಗೆ ಇನ್ನಷ್ಟು ಸೀಮೆಎಣ್ಣೆ ಸುರಿಯಿತು. ಜಗಳ ತೆಗೆದರೆ ಅತ್ತೆ ಕೇಳುತ್ತಾರೆ, ಹೇಳೋಕೆ ಕಾರಣವಿಲ್ಲ. ಯೋಚಿಸಿ ಯೋಚಿಸಿ ಅವಳೂ ಇಂಗ್ಲೆಂಡಿನ ಹೆಂಗಸರ ದಾರಿಯನ್ನೇ ಹಿಡಿದಳು. ಆ ಮನೆಯಲ್ಲಿ ಹೊತ್ತು ಹೊತ್ತಿಗೆ ಟೀ ಕಾಸುವುದು ಕಿರಿಸೊಸೆಯ ಕೆಲಸ. ಇನ್ನು ಅವಳ ಕೈಯ ಟೀ ಮುಟ್ಟುವುದಿಲ್ಲ, ಬೇರೆ ಕಾಸಿಕೊಂಡೂ ಕುಡಿಯುವುದಿಲ್ಲ! ತಂದಿಟ್ಟ ಲೋಟ ಹಾಗೇ ಆರಿ ಕೆನೆಗಟ್ಟಬೇಕು, ಅದನ್ನು ಅವಳೇ ಕೈಯಾರೆ ಚೆಲ್ಲಬೇಕು.

ಕೆರೆಯ ಮೇಲೆ ಮುನಿಸಿಕೊಂಡವನು ತೊಳೆದುಕೊಳ್ಳದೆ ಎದ್ದುಬಂದನಂತೆ. ಕೆರೆಗೇನು ನಷ್ಟ? ಮಾರನೇ ದಿನಕ್ಕೇ ಟೀ ಇಲ್ಲದೆ ಗಂಗರತ್ನಮ್ಮನಿಗೆ ತಲೆ ಸಿಡಿಯತೊಡಗಿತು. ಹಣೆಗೆ ಬಟ್ಟೆ ಬಿಗಿದುಕೊಂಡು ಹಾಲು ಕರೆದಳು, ಬಸ್ಸಿನಲ್ಲಿ ತೂಕಡಿಸಿದಳು. ಆದರೂ ಲೋಟ ಮುಟ್ಟಲಿಲ್ಲ. ಶಶಿರೇಖ ಕೋಪ ಮಾಡಿಕೊಳ್ಳುತ್ತಾಳೆ, ಇಲ್ಲವೇ ಅಳುತ್ತಾಳೆ ಅಂತ ಕಾದಳು. ಅವಳು ಎರಡೂ ಮಾಡದೆ, ಅಕ್ಕನನ್ನು ಏನೋ ಒಂಥರಾ ಭಕ್ತಿಯಿಂದ ನೋಡತೊಡಗಿದಳು.

ಯಾಕೆ ಅಂತೀರಾ? ಕಾಶಿಗೆ ಹೋದವರು ತಿನ್ನುವ ಪದಾರ್ಥ ಒಂದನ್ನು ಗಂಗೆಯಲ್ಲಿ ಬಿಟ್ಟು ಬರುವ ಪದ್ಧತಿ ನಮ್ಮ ಕಡೆ ಉಂಟಲ್ಲ. ಬಾಯಿಗೆ ಬಲು ಇಷ್ಟವಾದದ್ದನ್ನು ಬಿಡಬೇಕು ಅನ್ನುವುದು ಶಾಸ್ತ್ರ. ಅಂಜನಮ್ಮ ಹೋದ ವರ್ಷ ಹೋಗಿ ಬಿಟ್ಟು ಬಂದದ್ದು ಹಾಗಲಕಾಯಿ. ಹುಟ್ಟಿದಾಗಿನಿಂದ ಆಕೆ ಅದನ್ನು ನಾಲಿಗೆ ಮೇಲೆ ಇಟ್ಟವಳಲ್ಲ! ಈಗ ಹಿರಿಸೊಸೆ ಜೀವಕ್ಕಿಂತ ಹೆಚ್ಚಾದ ಟೀಯನ್ನು ಕಾಶಿಗೂ ಹೋಗದೆ, ಯಾರಿಗೂ ಹೇಳದೆ ಬಿಟ್ಟುಬಿಟ್ಟಿದ್ದಾಳೆ ಅಂದರೆ ಸಾಮಾನ್ಯವೇ?

“ನಾನು ಗಂಗೇಲಿ ಮುಳುಗಿ ಆಗ್ಲಕಾಯಿ ಬಿಟ್ಟೆ. ಇವಳು ಮನೇಲೇ ಕೂತು ಟೀ ಬಿಟ್ಲು ನೋಡಮ್ಮ. ಪುಣ್ಯವಂತೆ!” ಅಂತ ಅಂಜನಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ಪಕ್ಕದ ಮನೆಯವರು ಬಂದು ಗಂಗರತ್ನಮ್ಮನಿಗೆ ಕೈಮುಗಿದು ಹೋದರು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಬಾಯಲ್ಲಿ ಒಂದು ಒಳ್ಳೇ ಮಾತು ಕೇಳದವಳು, ಈಗ ಇಲ್ಲ ಅನ್ನಲಿಕ್ಕೆ ಬಾಯಿ ಬರುತ್ತದೆಯೇ? ತಲೆನೋವು ತಡೆದುಕೊಂಡು ಸುಮ್ಮನಾದಳು.

ಯೋಜನೆ ಓದುವ ದಿನ ಬಂತು. ಗಂಗರತ್ನಮ್ಮ ಮೊದಲು ಓದಿದಳು. ಪ್ರಶ್ನೆ ಅಂತ ಏನೋ ಒಂದನ್ನು ಅಂಟಿಸಿದ್ದಳು, ಅದು ಅಲ್ಲಾಡುತ್ತಿರುವುದು ಅವಳಿಗೇ ಕಾಣುತ್ತಿತ್ತು. ಆಮೇಲೆ ಶಶಿರೇಖ ಎದ್ದಳು.

“ಸಕ್ಕರೆ ಬಿಟ್ಟವರು ತಮ್ಮ ಪುಣ್ಯಕ್ಕೆ ಬಿಟ್ಟರೋ, ಗುಲಾಮರ ಬಿಡುಗಡೆಗೆ ಬಿಟ್ಟರೋ? ಇದು ನನ್ನ ಪ್ರಶ್ನೆ ಸರ್. ಇದು ಹೊಳೆದದ್ದು ನಮ್ಮಕ್ಕನನ್ನು ನೋಡಿ. ಮನೆಯಲ್ಲಿ ಎಲ್ಲರೂ ಪುಣ್ಯಕ್ಕೆ ಅಂತಾರೆ, ಆದರೆ ಅವರು ಈ ಪ್ರಬಂಧಕ್ಕಾಗಿ ಟೀ ಬಿಟ್ಟಿದ್ದಾರೆ. ಬಿಟ್ಟವರ ಕಷ್ಟ ಏನು ಅಂತ ತಿಳಿಯೋಕೆ ಬಿಟ್ಟಿದ್ದಾರೆ. ಅದನ್ನು ಪೀಠಿಕೆಯಲ್ಲಿ ಬರೀತೀನಿ.”

ಕ್ಲಾಸೆಲ್ಲ ಗಂಗರತ್ನಮ್ಮನ ಕಡೆ ತಿರುಗಿತು. ಮೇಷ್ಟ್ರು ಕನ್ನಡಕ ತೆಗೆದು, “ಹೌದೇನಮ್ಮಾ?” ಅಂದರು.

ಅಯ್ಯೋ ದೇವರೇ! ತಲೆನೋವು ತನ್ನದು, ಪ್ರಶ್ನೆ ಅವಳದು. ವಿಷಯ ತಗೊಂಡಳು, ಹಸು ತಗೊಂಡಳು, ಈಗ ತನ್ನ ಸಿಟ್ಟನ್ನೂ ತಗೊಂಡು ಪೀಠಿಕೆ ಮಾಡಿಕೊಂಡಳು. ಗಂಗರತ್ನಮ್ಮನ ಕಟ್ಟೆ ಒಡೆಯಿತು.

“ಪುಣ್ಯಕ್ಕೂ ಅಲ್ಲ, ಬಿಡುಗಡೆಗೂ ಅಲ್ಲ ಸಾರ್. ಇವಳ ಮೇಲಿನ ಒಟ್ಟೆಕಿಚ್ಚಿಗೆ ಬಿಟ್ಟೆ! ಇವಳು ಕಾಸಿದ್ದು ಬ್ಯಾಡ ಅಂತ ಬಿಟ್ಟೆ!”

ಹುಡುಗಿಯರು ಕಿಸಕ್ಕೆಂದು ನಕ್ಕರು. ಶಶಿರೇಖ ಕಾಗದ ಹಿಡಿದು ಹಾಗೇ ನಿಂತಿದ್ದಳು. ಮೇಷ್ಟ್ರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, ಆ ಉದಾಹರಣೆ ಹೊಡೆದುಹಾಕಮ್ಮ, ಪ್ರಶ್ನೆ ಮಾತ್ರ ಗಟ್ಟಿಯಾಗಿದೆ, ಕೋಲಾರಕ್ಕೆ ನೀನೇ ಹೊರಡು ಅಂತ ಶಶಿರೇಖಳಿಗೆ ಹೇಳಿ ಮುಂದಿನವಳನ್ನು ಕರೆದರು. ಮಾನವೂ ಹೋಯಿತು, ಕೋಲಾರವೂ ಹೋಯಿತು.

ಸಂಜೆ ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಬಸ್ಸು ಕಾಯುತ್ತಾ ನಿಂತಿದ್ದರು. ಶಶಿರೇಖಳೇ ಮೊದಲು ಬಾಯಿಬಿಟ್ಟಳು.

“ನಿಂಗೇನು ಬೇಕಾಗಿತ್ತಕ್ಕಾ? ಆ ಎಂಗಸ್ರು ಸಕ್ಕರೆ ಬಿಟ್ಟು, ನಮ್ಗೆ ಇಂತಾದ್ದು ಆಗ್ಬೇಕು ಅಂತ ಬಾಯಿಬಿಟ್ಟು ಏಳಿದ್ರು. ನೀನು ಏಳ್ದೇ ಇದ್ರೆ ನಂಗೆಂಗೆ ಗೊತ್ತಾಗ್ಬೇಕು?”

“ಏನೇಳ್ಲಿ? ಮನೆ ನಿನ್ನ ಕಡೆ, ಅತ್ತೆ ನಿನ್ನ ಕಡೆ. ಈ ಓದೊಂದು ನಂಗಿರ್ಲಿ ಅಂತಿದ್ದೆ. ಅದಕ್ಕೂ ಬಂದೆ.”

“ನಾನಾಗಿ ಬಂದ್ನಾ? ನೀನು ಕಾಲೇಜು ಅಂದಾಗ, ಒಬ್ಬಳೇ ಓಗೋದು ಬ್ಯಾಡ, ಜೊತೆಗೆ ನೀನೋಗು ಅಂತ ಅತ್ತೆ ನನ್ನ ತಳ್ಳಿದ್ರು. ನಿನ್ನ ಕಾವಲಿಗೆ ಬಂದೋಳು ನಾನು. ಬಂದ್ಮೇಲೆ ಓದೋ ಉಚ್ಚು ನಂಗೂ ಇಡೀತು. ತಪ್ಪಾ? ತಗೋ, ನಾಳೆಯಿಂದ ಬರಲ್ಲ. ನೀನೇ ಓದ್ಕೋ.”

ಗಂಗರತ್ನಮ್ಮನ ಎದೆಯಲ್ಲಿ ಒಂದು ಕ್ಷಣ ಹಬ್ಬವಾಯಿತು. ಬೆಂಚೆಲ್ಲ ತನ್ನದು! ಆಮೇಲೆ ಮಾತಿನ ಅರ್ಥ ತಲೆಗೆ ಇಳಿಯಿತು. ಇವಳು ಮನೆಯಲ್ಲಿ ಉಳಿದರೆ ಅತ್ತೆ ತನ್ನನ್ನು ಒಬ್ಬಳನ್ನೇ ಬಸ್ಸು ಹತ್ತಿಸುವವರಲ್ಲ. ಕೊನೇ ವರ್ಷ, ಪರೀಕ್ಷೆ ಬಾಗಿಲಲ್ಲಿದೆ. ಹೊಟ್ಟೆ ಉರಿಸುವವಳು ಪಕ್ಕದಲ್ಲಿ ಕೂತಿದ್ದರಷ್ಟೇ ತನಗೂ ಓದು.

ಬಸ್ಸು ಬಂತು. ಶಶಿರೇಖ ಮುಖ ತಿರುಗಿಸಿಕೊಂಡು ಹಿಂದಿನ ಬಾಗಿಲ ಕಡೆ ನಡೆದಳು. ಗಂಗರತ್ನಮ್ಮ ಜನರನ್ನು ತಳ್ಳಿಕೊಂಡು ಹೋಗಿ ಅವಳ ರಟ್ಟೆ ಹಿಡಿದಳು.

“ಬಾರೇ, ಬಾ. ನಾಳೆನೂ ಬಾ, ಕೋಲಾರಕ್ಕೂ ಓಗು, ನನ್ನ ಮೀರಿಸೇ ಓದು. ನಂಗೆ ಒಟ್ಟೆ ಉರೀತದೆ, ಅದು ನಿಲ್ಲಲ್ಲ. ಉರ್ಕೊಂಡೇ ಓದ್ತೀನಿ. ಬಿಟ್ಟು ಮಾತ್ರ ಓಗ್ಬ್ಯಾಡ ಕಣೇ.”