ಹೊಸ್ತಿಲಿಗೆ ಹಚ್ಚಿದ ಮಣ್ಣು

ಅಕ್ಕನ ಮುಂದೆ ನಾನು ಹೇಳಿದ ಸುಳ್ಳು ತೀರಾ ಚಿಕ್ಕದು, ಎರಡೇ ಮಾತು: "ಬರೇ ಮಣ್ಣ." ನೆನೆದರೆ ಈಗಲೂ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಯುರೇನಿಯಂ ಗಣಿಯಿಂದ ಹೊರಬೀಳುವ ಕೊಳೆನೀರಿನಲ್ಲಿ ಒಂದಿಷ್ಟು ಯುರೇನಿಯಂ ಕರಗಿ ಉಳಿದಿರುತ್ತದೆ. ಕಬ್ಬಿಣದ ಅಂಶವಿರುವ ಮಣ್ಣನ್ನು ಆ ನೀರಿಗೆ ಹಾಕಿ ಬಿಸಿಲಿಗಿಟ್ಟರೆ ಅದು ಮಣ್ಣಿಗಂಟಿ ತಳ ಸೇರುತ್ತದೆ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸ ಇದೇ ಆಗಿತ್ತು. ಯಾವ ಮಣ್ಣು ಚೆನ್ನಾಗಿ ಹಿಡಿಯುತ್ತದೆ ಎಂದು ಹುಡುಕುತ್ತಿದ್ದಾಗ ಜಹೀರಾಬಾದ್ ಕಡೆಯ ಕೆಮ್ಮಣ್ಣು ನೆನಪಾಯಿತು. ಗಡಿ ಊರು ಕಂಗ್ಟಿಯಲ್ಲಿರುವ ಅಕ್ಕ ಹಬ್ಬ ಬಂತೆಂದರೆ ಅದನ್ನೇ ಜರಡಿ ಹಿಡಿದು, ನೀರಲ್ಲಿ ಕಲಸಿ ಹೊಸ್ತಿಲಿಗೆ ಹಚ್ಚುತ್ತಾಳೆ. ಕೇಳಿದೆ, ಒಂದು ಚೀಲ ಕೊಟ್ಟಳು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ನನಗೆ ಅವಸರ. ವರದಿ ಒಪ್ಪಿಸುವ ದಿನ ಹತ್ತಿರ ಬಂದಿತ್ತು, ಪ್ರಯೋಗಾಲಯದ ಮಾಳಿಗೆ ಮೇಲೆ ಪಕ್ಕದ ಕಟ್ಟಡದ ನೆರಳು. ಯಾರಿಗೂ ಹೇಳದೆ ಎರಡು ಕ್ಯಾನ್ ಗಣಿನೀರನ್ನು ಕಾರಿನಲ್ಲಿಟ್ಟುಕೊಂಡು ನಾರಾಯಣಖೇಡ ದಾಟಿ ಕಂಗ್ಟಿಗೆ ಬಂದೆ. ಅಕ್ಕನ ಮಾಳಿಗೆಗೆ ತಾಂಡೂರು ಕಲ್ಲು ಹಾಸಿದೆ. ಹತ್ತು ಗಂಟೆಗೇ ಕಾಲಿಡಲಾಗದಷ್ಟು ಕಾಯುತ್ತದೆ. ಗಾಜಿನ ತಟ್ಟೆಗಳಲ್ಲಿ ನೀರು, ಮಣ್ಣು ಹಾಕಿ ಸಾಲಾಗಿಟ್ಟೆ.

ಅಕ್ಕ ಮೇಲೆ ಬಂದು ನೋಡಿದಳು. "ಏನದ ತಮ್ಮಾ ಇದು?"

"ನೀ ಕೊಟ್ಟಿದ್ದೇ ಅಕ್ಕಾ. ಬರೇ ಮಣ್ಣ."

"ಮತ್ತ ಕೈಗೆ ಅದ್ಯಾಕ ಹಾಕ್ಕೊಂಡಿ?" ನನ್ನ ರಬ್ಬರ್ ಕೈಗವಸು ತೋರಿಸಿದಳು.

"ಬೆವರು ಬಿದ್ರ ಲೆಕ್ಕ ತಪ್ತದ."

ಯುರೇನಿಯಂ ಎಂದಿದ್ದರೆ ತಟ್ಟೆ ಸಮೇತ ನನ್ನನ್ನು ಕೆಳಗಿಳಿಸುತ್ತಿದ್ದಳು. ಅದಕ್ಕೇ ಹೇಳಲಿಲ್ಲ, ಹೇಡಿ ನಾನು.

ನಾಲ್ಕನೇ ದಿನ ನೀರು ಬಸಿದು ಕ್ಯಾನಿಗೆ ತುಂಬಿ, ಮಣ್ಣನ್ನು ಒಣಗಲು ಬಿಟ್ಟು, ಪಸ್ತಾಪುರದ ಗೆಳೆಯನ ಮನೆಗೆ ಊಟಕ್ಕೆ ಹೋದೆ. ಹೊಟ್ಟೆ ತುಂಬ ಸಜ್ಜೆ ರೊಟ್ಟಿ ತಿಂದು ಸಂಜೆ ಮರಳಿದರೆ ಹೊಸ್ತಿಲು ಕೆಂಪಗೆ ಹೊಳೆಯುತ್ತಿತ್ತು. ಮರುದಿನ ಯುಗಾದಿ. ಅಕ್ಕನ ಮೊಮ್ಮಗಳು, ಆಗಷ್ಟೇ ಅಂಬೆಗಾಲಿಡುವ ಕೂಸು, ಅದರ ಮೇಲೆ ಅಂಗೈ ಬಡಿಯುತ್ತ ಕೂತಿತ್ತು.

"ಮ್ಯಾಲ ಒಣಗಿತ್ತಲ್ಲ, ದಂಡ ಯಾಕ ಮಾಡೋದಂತ ಹಚ್ಚಿದೆ," ಅಂದಳು ಅಕ್ಕ.

ಕೂಸನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದೆ. ಕೈ ತೊಳಿ, ಕೈ ತೊಳಿ ಎಂದು ಅಕ್ಕನಿಗೂ ಕೂಗಿದೆ. ಆಮೇಲೆ ಎಲ್ಲ ಹೇಳಿದೆ. ಅದರಲ್ಲಿರುವುದು ಬಹಳ ಸ್ವಲ್ಪ ಎಂದೂ ಸೇರಿಸಿದೆ. ಅದು ನಿಜವೇ, ಆದರೆ ನನ್ನ ಬಾಯಲ್ಲಿ ನೆಪದಂತೆ ಕೇಳಿಸಿತು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕೈಗವಸು ಹಾಕಿಕೊಂಡು ಹೊಸ್ತಿಲು ಕೆರೆಯಲು ಕೂತಾಗ ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿದಳು. ಉಜ್ಜಿ ಉಜ್ಜಿ ತೊಳೆದರೂ ಗೆರೆಗಳಲ್ಲಿ ಕೆಂಪು ಉಳಿದಿತ್ತು.

"ನಿನ್ನ ಕೈ ನೀ ಉಳಿಸ್ಕೊಂಡಿ. ನನಗೂ ಒಂದು ಜೋಡಿ ಕೊಡಬೇಕಂತ ಅನಸಲಿಲ್ಲೇನು?"

ತಲೆ ತಗ್ಗಿಸಿ ಕೆರೆಯುತ್ತಲೇ ಇದ್ದೆ.

ಕೆರೆದ ಮಣ್ಣು, ಉಳಿದ ಮಣ್ಣು, ಕ್ಯಾನು ಎಲ್ಲ ಕಟ್ಟಿಕೊಂಡು ಹೋಗಿ ಮೇಲಧಿಕಾರಿಗಳ ಮುಂದೆ ತಪ್ಪೊಪ್ಪಿಕೊಂಡೆ. ಅವರ ಕಡೆಯಿಂದ ವಿಕಿರಣ ಮಾಪಕ ಹಿಡಿದು ಬಂದವರು ಮನೆಯೆಲ್ಲ ಅಳೆದು, ಭಯಪಡುವಂಥದ್ದೇನೂ ಉಳಿದಿಲ್ಲ ಎಂದರು. ನನ್ನನ್ನು ಆ ಕೆಲಸದಿಂದ ತೆಗೆದರು. ತೆಗೆಯದಿದ್ದರೆ ನಾನೇ ಬಿಡಬೇಕಾಗಿತ್ತು. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ, ಗಟ್ಟಿಮುಟ್ಟಾಗಿದ್ದಾಳೆ.

ಹೋದ ದೀಪಾವಳಿಗೆ ಜಹೀರಾಬಾದಿನಲ್ಲಿ ಮಿಠಾಯಿ ಕೊಂಡು ಒಯ್ದಿದ್ದೆ. ಡಬ್ಬಿ ನೋಡಿ ಹುಡುಗಿ ಓಡಿ ಬಂದಳು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು.

"ಏನದ ತಮ್ಮಾ ಇದ್ರಾಗ?"

"ಪೇಡಾ, ಅಕ್ಕಾ."

ಅಕ್ಕ ಒಂದು ಪೇಡಾ ತೆಗೆದು ಮೊದಲು ತಾನು ತಿಂದಳು. ಪೂರಾ ನುಂಗಿದ ಮೇಲೆ ಮೊಮ್ಮಗಳ ಕೈ ಬಿಟ್ಟಳು.