ಹುತ್ತಕ್ಕೆ ಹಾಲು, ಹೆಂಡತಿಗೆ ಮಾತು

ಗೆಳೆಯರೇ, ಇವತ್ತು ಮದ್ದೂರಿನ ನಮ್ಮ ಆಸ್ಪತ್ರೆಗೆ ನಿಡಘಟ್ಟದ ಕಡೆಯ ರೈತನೊಬ್ಬ ಹೆಂಡತಿ ಜೊತೆ ಬಂದ. ಅವಳನ್ನು ಹೊರಗೆ ಕೂರಿಸಿ, ಕಾಂಪೌಂಡರ್ ಆದ ನಾನು ಬಾಗಿಲು ಹಾಕಿದ ಮೇಲೇ ಅವನು ಬಾಯಿಬಿಟ್ಟಿದ್ದು.

"ಹೊಲ ಉಳುವಾಗ ಹುತ್ತ ಒಡೆದ್ಬುಟ್ಟೆ ಸ್ವಾಮಿ. ಆಮೇಲೆ ನೋಡ್ಕತೀನಿ, ನನ್ನ ಆ ಜಾಗ್ದಲ್ಲಿ ಗುಳ್ಳೆ! ನಾಗಪ್ಪನ ಸಾಪ. ಅವಳ್ಗೆ ತಾಕ್ಬಾರ್ದು ಅಂತ ಮೂರು ತಿಂಗ್ಳಿಂದ ಜಗಲಿ ಮ್ಯಾಲೇ ಮಲಗ್ತೀನಿ."

ಡಾಕ್ಟರು ಪರೀಕ್ಷೆ ಮಾಡಿದರು. ಶಿಶ್ನದ ತುದಿಯ ಅಂಚಿನ ಸುತ್ತ ಒಂದೇ ಅಳತೆಯ ಸಣ್ಣ ಗುಳ್ಳೆಗಳ ಸಾಲು. ನೋವು, ತುರಿಕೆ, ಹುಣ್ಣು ಏನೂ ಇಲ್ಲ. ಬೇರೆ ಹೆಣ್ಣಿನ ಸಹವಾಸವೂ ಇಲ್ಲವಂತೆ.

"ಇದು ಕಾಯಿಲೆ ಅಲ್ಲಪ್ಪ. ಎಷ್ಟೋ ಗಂಡಸರ ಚರ್ಮ ಇರೋದೇ ಹೀಗೆ. ಯಾರಿಗೂ ಅಂಟಲ್ಲ. ಹಿಸುಕಬೇಡ, ಸುಣ್ಣಗಿಣ್ಣ ಹಚ್ಚಬೇಡ. ಹುಣ್ಣಾದ್ರೆ, ಬೆಳೆದ್ರೆ ಬಾ."

"ಮುಂಚೆ ಇರ್ನಿಲ್ವಲ್ಲ ಸ್ವಾಮಿ?"

"ಮುಂಚೆ ನೀನು ನೋಡ್ಕೊಂಡಿರಲಿಲ್ಲ."

ಹೊರಗೆ ಬೇವಿನ ಮರದಡಿ ಆ ಹೆಣ್ಣುಮಗಳು ನನ್ನನ್ನು ಮೆಲ್ಲಗೆ ಕೇಳಿದಳು, "ಅಣ್ಣ, ನಾನಂದ್ರೆ ಆಗಾಕಿಲ್ಲ ಅಂದ್ರಾ ಅವ್ರು?"

ಅಷ್ಟರಲ್ಲಿ ಅವನು ಬಂದು ಎಲ್ಲಾ ಹೇಳಿದ. ಹುತ್ತಕ್ಕೆ ವಾರವಾರ ಹಾಲೆರೆದು ತಪ್ಪಾಯ್ತು ಅಂದವನು ಇವಳಿಗೆ ಒಂದು ಮಾತೂ ಹೇಳಿರಲಿಲ್ಲ!

"ತಪ್ಪಾಯ್ತು ಕಣಮ್ಮಿ," ಅಂದ.

ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು ಕೇಳಿದಳು, "ಹುತ್ತಕ್ಕಾದ್ರೆ ಹಾಲು, ನನ್ಗೆ ಬರೀ ಮಾತಾ?"

ಇಬ್ಬರೂ ಎದುರಿನ ಹೋಟ್ಲಿಗೆ ಹೋದರು. ನಾನು ನೋಡಿದೆ, ಲೋಟದ ಹಾಲು ಅವನೇ ಆರಿಸಿ ಕೊಡುತ್ತಿದ್ದ.